ಕಮಲದ ಹಿಂದಿನ ಸಾಲು

"ಅಜ್ಜಾರ, ಮಾತು ಬಿಟ್ಟವರನ್ನ ಮಾತಾಡ್ಸೂದು ಹ್ಯಾಂಗ್ರಿ?"

ಕೇಳಿದವನು ಕಲ್ಮೇಶ. ಹಗಲು ಮಠದ ವಸತಿಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವನು, ಸಂಜೆ ನಿರುಪಾಧಿ ಅಜ್ಜನವರ ಎದುರು ಕೂತು ತಾನು ಕಲಿಯುವವನು. ಅಜ್ಜನವರು ದಾಸೋಹದ ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು ಬಿಟ್ಟಾರ?"

"ನಮ್ಮ ಅಕ್ಕರಿ. ಅವ್ವ ಸತ್ತ ಮ್ಯಾಲೆ ನನ್ನ ಸಾಕಿದಾಕಿ. ಯುಗಾದಿಯಿಂದ ನನ್ನ ಜೋಡಿ ಮಾತಿಲ್ಲ. ಸೀರಿ ಕಳಿಸಿದೆ, ಹೊಳ್ಳಿ ಕಳಿಸಿದ್ಲು. ಹಿರಿಯಾರನ್ನ ಕಳಿಸಿದೆ, ಚಾ ಕುಡಿಸಿ ಕಳಿಸಿದ್ಲು. ಕಾಲಿಗೆ ಬಿದ್ದೆ, ಕಾಲು ಹಿಂದಕ್ಕ ತಗೊಂಡ್ಲು. ಇನ್ನ ಯಾವ ಉಪಾಯ ಉಳದೈತ್ರಿ?"

"ಯಾಕ ಬಿಟ್ಟಳಂತ?"

"ಗೊತ್ತಿಲ್ರಿ. ಒಂದಿನ ಬಾಯಿ ಮುಚ್ಚಿದ್ಲು, ಅಷ್ಟ."

ಅಜ್ಜನವರು ಒಂದು ಕಲ್ಲನ್ನು ಎತ್ತಿ ಪಕ್ಕಕ್ಕೆ ಹಾಕಿದರು.

"ನಿನ್ನ ಕಸಬಿನ ಕತೀನ ಹೇಳತೇನಿ, ಕೇಳು. ಯಂತ್ರದ ಮಾತು ತಪ್ಪಿದರ ತಿದ್ದು. ಕತಿ ತಪ್ಪಿದರ ತಿದ್ದಬ್ಯಾಡ."

ಹಾಗೆಂದು ಅವರು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೋಟಾರು ರಿಪೇರಿಯವನಿದ್ದ. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಅವನ ಅಂಗಡಿಗೆ ಒಂದು ನೇಮವಿತ್ತು. ಮೋಟಾರು ಯಾವುದೇ ಇರಲಿ, ಬಿಚ್ಚುವ ಮೊದಲು ಕಿವಿಯಿಟ್ಟು ಕೇಳಬೇಕು, ಮೂಗಿಟ್ಟು ಮೂಸಬೇಕು. ರೋಗಿಯೇ ರೋಗ ಹೇಳುತ್ತಾನೆ, ವೈದ್ಯನಿಗೆ ಅವಸರ ಇರಬಾರದು ಎನ್ನುತ್ತಿದ್ದ. ಊರವರು ಅವನನ್ನು ಮೋಟಾರು ಡಾಕ್ಟರ್ ಎಂದು ಕರೆಯುತ್ತಿದ್ದರು. ಅವನೂ ಬೇಡ ಅನ್ನುತ್ತಿರಲಿಲ್ಲ.

ಅವನ ಹೆಂಡತಿ ಪಕ್ಕದ ಊರಿನ ಶಾಲೆಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆ ಮಕ್ಕಳಿಗೆ ಟೀಚರ್ ಎಂದರೆ ಅವಳ ದನಿ. ಅವಳು ಸಿಟ್ಟಾಗಿದ್ದಾಳೋ, ನಗುತ್ತಿದ್ದಾಳೋ, ಉಪವಾಸ ಬಂದಿದ್ದಾಳೋ, ಅವರು ದನಿಯಲ್ಲೇ ಹಿಡಿಯುತ್ತಿದ್ದರು.

ಆ ದನಿ ಹೋಯಿತು. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಡಾಕ್ಟರು ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಉಸಿರಾಡಲು ಕೊರಳಲ್ಲಿ ಒಂದು ತೂತು, ಅದರ ಮೇಲೆ ಒಂದು ಬಿಳಿ ಬಟ್ಟೆ. ಮನೆಗೆ ಬಂದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಕಂಡವರು ಕೊರಳನ್ನು ನೋಡುತ್ತಾರೆ, ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಎರಡೂ ಅವಳಿಗೆ ಬೇಡವಾಗಿತ್ತು.

ಶಾಲೆಯವರು ಒಳ್ಳೆಯವರು. ಒಂದು ಹಳೆಯ ಲ್ಯಾಪ್‌ಟಾಪ್ ಕಳಿಸಿಕೊಟ್ಟರು. ಅದರಲ್ಲಿ ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಅವಳು ಕನ್ನಡದಲ್ಲಿ ಟೈಪ್ ಮಾಡಿದರೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತದೆ. ಇಂಟರ್ನೆಟ್ ಇದ್ದರೆ ಆ ಓದು ಪಕ್ಕದ ಊರಿನ ತರಗತಿಯಲ್ಲೂ ಕೇಳುತ್ತದೆ. ಗಂಡ ಹೆಂಡತಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅದರಿಂದ ಈ ಕೆಲಸ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ತಮ್ಮ ವೈಫೈ ಬಳಸಿಕೊಳ್ಳಿ ಎಂದರು. ಶಾಲೆಯ ಹೆಡ್ ಮೇಡಂ ಒಂದೇ ಮಾತು ಹೇಳಿ ಕಳಿಸಿದ್ದರು. ದಸರಾ ರಜೆ ಮುಗಿಯುವಷ್ಟರಲ್ಲಿ ಪಾಠ ಶುರುವಾಗಬೇಕು. ಆಗದಿದ್ದರೆ ಬೇರೆ ಟೀಚರನ್ನು ತರಬೇಕಾಗುತ್ತದೆ, ಮಕ್ಕಳನ್ನು ಸುಮ್ಮನೆ ಕೂಡಿಸಲಾಗುವುದಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಬಂದ ದಿನ ಯಂತ್ರ ಸರಿಯಾಗಿಯೇ ಇತ್ತು. ಅವಳು ಒಂದು ಸಾಲು ಟೈಪ್ ಮಾಡಿದಳು, ಯಂತ್ರ ಓದಿತು. ಗಂಡನಿಗೆ ಎಷ್ಟು ಸಂತೋಷವಾಯಿತೆಂದರೆ ಅವನು ಅದನ್ನು ಸುಧಾರಿಸಲು ಕೂತ. ಯಾರೂ ಕೇಳಿರಲಿಲ್ಲ. ಪ್ರೀತಿ ಉಕ್ಕಿದಾಗ ಕೆಲವು ಗಂಡಸರಿಗೆ ಸ್ಕ್ರೂಡ್ರೈವರ್ ಕೈಗೆ ಬರುತ್ತದೆ. ಇದಕ್ಕಿಂತ ಹೊಸ ಲಿನಕ್ಸ್ ಬಂದಿದೆ ಎಂದು ಯಾರೋ ಹೇಳಿದ್ದರು. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದ. ಯಂತ್ರ ಏಳುವಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರ ಓಡುತ್ತಿದ್ದವು. ಮೊದಲೇ ನೊಂದಿದ್ದಾಳೆ, ಇದನ್ನು ಕಂಡು ಹೆದರಿಯಾಳು ಎಂದು ಆ ಸಾಲುಗಳ ಮೇಲೆ ಅರಳಿದ ಕಮಲದ ಚಿತ್ರವೊಂದನ್ನು ಹೊದಿಸಿದ. ಯಂತ್ರ ಎದ್ದಾಗಲೆಲ್ಲ ಮೊದಲು ಕಮಲ ಕಾಣುವಂತೆ ಮಾಡಿದ.

ಕಮಲ ಚೆನ್ನಾಗಿಯೇ ಅರಳಿತು. ವೈಫೈ ಹೋಯಿತು.

ಪರದೆಯ ಮೂಲೆಯಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಹೆಸರು ಕಾಣಬೇಕಾದಲ್ಲಿ ಏನೂ ಇಲ್ಲ. ಯಂತ್ರಕ್ಕೆ ಓದಲು ಬರುತ್ತದೆ, ಆದರೆ ಓದಿದ್ದು ಮನೆಯ ಗೋಡೆ ದಾಟುವುದಿಲ್ಲ. ಅವಳು ಮತ್ತೆ ಮೂಕಿಯಾದಳು. ಈ ಸಲ ಮಾಡಿದವನು ಗಂಡ.

ತಪ್ಪು ತನ್ನದು ಎಂದು ಗೊತ್ತಾದವನ ಅವಸರ ಹೇಗಿರುತ್ತದೆ ನೋಡು, ಕಲ್ಮೇಶ. ಅವನು ತನ್ನ ಅಂಗಡಿಯ ನೇಮವನ್ನೇ ಮರೆತ. ವೈಫೈ ಹಿಡಿಯುವ ವೈರ್‌ಲೆಸ್ ಕಾರ್ಡು ಸತ್ತಿದೆ ಎಂದ. ಆಮೇಲೆ, ಕಾರ್ಡಲ್ಲ, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಸತ್ತಿದೆ ಎಂದ. ದಿನಾ ಸೈಬರ್ ಸೆಂಟರಿಗೆ ಹೋದ. ಅಲ್ಲಿ ಊರೂರಿನ ಜನ ತಮ್ಮ ತಮ್ಮ ಯಂತ್ರದ ಕತೆ ಬರೆದುಕೊಂಡಿದ್ದರು. ನನ್ನ ಕಾರ್ಡಿಗೆ ಈ ಡ್ರೈವರ್ ಹಾಕಿದೆ, ಗುಣವಾಯಿತು ಎಂದು ಒಬ್ಬ. ನಾನು ಹಳೆಯ ಡ್ರೈವರನ್ನು ಏಳದ ಹಾಗೆ ಕಟ್ಟಿಹಾಕಿದೆ, ಗುಣವಾಯಿತು ಎಂದು ಇನ್ನೊಬ್ಬ. ಎಲ್ಲರ ಮದ್ದನ್ನೂ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬಂದು ತನ್ನ ಯಂತ್ರಕ್ಕೆ ಕುಡಿಸಿದ.

ಇಲ್ಲಿ ಕಲ್ಮೇಶನಿಗೆ ತಡೆಯಲಾಗಲಿಲ್ಲ.

"ಅದರಾಗ ಯಾವ ಕಾರ್ಡು ಐತಿ ಅಂತ ನೋಡ್ಲಿಲ್ಲೇನ್ರಿ? ಒಂದು ಸಾಲು ಟೈಪ್ ಮಾಡಿದ್ರ ಯಂತ್ರಾನ ಹೇಳ್ತೈತ್ರಿ, ನನ್ನ ಕಾರ್ಡು ಇಂಥಾದ್ದು, ಅದನ್ನ ನಡಸಾಂವ ಇಂಥಾಂವ ಅಂತ."

"ಹೇಳ್ತೈತಿ. ಕೇಳಬೇಕಲ್ಲ," ಎಂದರು ಅಜ್ಜನವರು.

ಯಂತ್ರ ಒಂದೊಂದು ಮದ್ದಿಗೂ ಒಂದೊಂದು ಥರ ಸುಮ್ಮನಿತ್ತು. ಪ್ರತಿ ಸಲವೂ ಅವನು ಅದನ್ನು ಆರಿಸಿ ಮತ್ತೆ ಎಬ್ಬಿಸುತ್ತಿದ್ದ. ಪ್ರತಿ ಸಲವೂ ಕಮಲ ಅರಳುತ್ತಿತ್ತು. ಅದನ್ನು ನೋಡುತ್ತ ಕೈ ಮುಗಿಯುವುದೊಂದು ಬಾಕಿ. ಅಂಗಡಿಯಲ್ಲಿ ಮೋಟಾರುಗಳು ಸಾಲುಗಟ್ಟಿ ಕಾಯುತ್ತಿದ್ದವು. ಮೋಟಾರು ಡಾಕ್ಟರ್ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ, ಹೆಂಡತಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಜನ ಆಡಿಕೊಂಡರು. ಸುಳ್ಳಲ್ಲ. ಪ್ರೀತಿ ಇತ್ತು.

ಆ ಮನೆಯಲ್ಲಿ ಒಂದು ಜೊತೆ ಅಡ್ಡಣಿಗೆ ಇದ್ದವು. ಊಟಕ್ಕೆ ನೆಲದ ಮೇಲೆ ಕೂತಾಗ ತಾಟು ಇಟ್ಟುಕೊಳ್ಳುವ ಮೂರು ಕಾಲಿನ ಪುಟ್ಟ ಪೀಠ, ನಿನಗೆ ಗೊತ್ತಲ್ಲ. ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ಎರಡನ್ನೂ ಒಂದೇ ಕಟ್ಟಿಗೆಯಿಂದ ಮಾಡಿಸಿದ್ದರು. ಮದುವೆಯಾದಾಗಿನಿಂದ ಇಬ್ಬರೂ ಜೊತೆಗೇ ಕೂತು ಉಂಡವರು.

ಆಸ್ಪತ್ರೆಯಿಂದ ಬಂದ ದಿನ ಅವಳು ನುಚ್ಚಿನ ಅಂಬಲಿ ಮಾಡಿಕೊಂಡು ಗಂಡನ ಪಕ್ಕ ಕೂತಳು. ಒಂದು ಚಮಚ ಬಾಯಿಗಿಟ್ಟಳು. ಅದು ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಕೈ ನೆಲವನ್ನು ಹಿಡಿಯಿತು, ಕೊರಳಿನ ಬಟ್ಟೆ ಉಸಿರಿಗೆ ಪಟಪಟ ಬಡಿದುಕೊಂಡಿತು. ಗಂಡನಿಗೆ ನೋಡಲಾಗಲಿಲ್ಲ. ತಾಟು ಬಿಟ್ಟು ಎದ್ದು ಹಿತ್ತಲಿಗೆ ಹೋದ. ಅಲ್ಲಿ ಗೋಡೆ ಹಿಡಿದು ಅತ್ತ. ಅವಳಿಗೆ ಕಂಡದ್ದು ಅಳು ಅಲ್ಲ, ಅವನು ಎದ್ದು ಹೋದದ್ದು.

ಮರುದಿನದಿಂದ ಅವನಿಗೆ ಊಟದ ಹೊತ್ತಿಗೆ ಏನಾದರೂ ಕೆಲಸ ಇರುತ್ತಿತ್ತು. ಯಂತ್ರ ಕೆಟ್ಟ ಮೇಲಂತೂ ಕೆಲಸ ಹುಡುಕಬೇಕಾಗಿಯೂ ಇರಲಿಲ್ಲ. ಮಧ್ಯಾಹ್ನ ಅವಳು ಎರಡು ಅಡ್ಡಣಿಗೆ ಹಾಕುತ್ತಿದ್ದಳು. ಅವನು ಬಂದು ತನ್ನ ತಾಟನ್ನು ಎತ್ತಿಕೊಂಡು ಯಂತ್ರದ ಮುಂದೆ ಹೋಗಿ ಕೂಡುತ್ತಿದ್ದ. "ಇವತ್ತ ಸರಿ ಮಾಡಿ ಬಿಡ್ತೇನಿ, ನೋಡು," ಎನ್ನುತ್ತಿದ್ದ. ಅವಳು ಒಂದು ಅಡ್ಡಣಿಗೆಯನ್ನು ಒರೆಸಿ ತಿರುಗಿ ಮೂಲೆಗಿಟ್ಟು, ಇನ್ನೊಂದರ ಮುಂದೆ ಕೂತು ಒಬ್ಬಳೇ ಅಂಬಲಿ ಕುಡಿಯುತ್ತಿದ್ದಳು. ಮರುದಿನ ಮತ್ತೆ ಎರಡು ಹಾಕುತ್ತಿದ್ದಳು.

ರಜೆ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಅವನು ತಾಟು ತೆಗೆದುಕೊಂಡು ಹೋಗಲಿಕ್ಕೂ ಬರಲಿಲ್ಲ. ಅವಳೇ ರೊಟ್ಟಿ ಪಲ್ಲೆ ಹಾಕಿಕೊಂಡು ತಂದಳು. ಅವನು ಆಗಷ್ಟೇ ಯಂತ್ರವನ್ನು ಮತ್ತೊಮ್ಮೆ ಎಬ್ಬಿಸಿದ್ದ. ಮೇಜಿನ ಮೇಲೆ ತಾಟು ಇಡಲು ಜಾಗವಿರಲಿಲ್ಲ. ಇದ್ದ ಚೂರು ಜಾಗದಲ್ಲಿ ಇಡಲು ಹೋದಾಗ ತಾಟಿನ ಅಂಚು ಕೀಲಿಮಣೆಯ ಎಡ ತುದಿಯ ಮೇಲಿನ ಗುಂಡಿಗೆ ತಾಗಿತು.

ಕಮಲ ಸರಿಯಿತು. ಹಿಂದಿನಿಂದ ಬಿಳಿ ಸಾಲುಗಳು ಸರಸರ ಓಡಿ ಬಂದವು.

"ಏನ್ ಮಾಡಿದಿ ನೀ?" ಎಂದು ಅವನು ಕಿರುಚಿದ.

ಅವಳು ತಾಟು ಹಿಡಿದುಕೊಂಡೇ ನಿಂತಳು. ಅವನು ಪರದೆಗೆ ಮುಖ ಹಚ್ಚಿ ಓದಿದ. ಹಾನಿ ಎಷ್ಟಾಗಿದೆ ಎಂದು ನೋಡಲು ಓದಿದ್ದು, ಅಕ್ಕರೆಯಿಂದ ಓದಿದ್ದಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಅವನಿಗೆ ಬರುತ್ತಿತ್ತು. ಒಂದು ಸಾಲಿನಲ್ಲಿ ವೈರ್‌ಲೆಸ್ ಎಂಬಂತೆ ಏನೋ ಕಂಡು ಹೋಯಿತು. ಮತ್ತೆ ಎಬ್ಬಿಸಿದ. ಈ ಸಲ ತಾನೇ ಆ ಗುಂಡಿ ಒತ್ತಿ ಕಮಲವನ್ನು ಸರಿಸಿದ. ಅದೇ ಸಾಲು. ಮತ್ತೊಮ್ಮೆ ಎಬ್ಬಿಸಿದ. ಅದೇ ಸಾಲು.

ವೈರ್‌ಲೆಸ್ ಕಾರ್ಡು ಇದೆ, ಅದಕ್ಕೆ ಬೇಕಾದ ಇಂಥ ಹೆಸರಿನ ಫರ್ಮ್‌ವೇರ್ ಕಡತ ಸಿಗಲಿಲ್ಲ. ಅಷ್ಟೇ ಬರೆದಿತ್ತು.

ಕಾರ್ಡು ಸತ್ತಿರಲಿಲ್ಲ. ಅದನ್ನು ನಡೆಸುವ ಡ್ರೈವರೂ ಮೊದಲ ದಿನದಿಂದ ಅಲ್ಲೇ ಇತ್ತು. ಆ ಜಾತಿಯ ಕಾರ್ಡು ಬೆಳಗ್ಗೆ ಎದ್ದೊಡನೆ ಒಂದು ತುತ್ತು ಕೇಳುತ್ತದೆ, ಒಂದು ಸಣ್ಣ ಕಡತ. ಅದನ್ನು ಡ್ರೈವರೇ ಹುಡುಕಿ ಅದರ ಬಾಯಿಗಿಡಬೇಕು. ಶಾಲೆಯವರು ಹಾಕಿಕೊಟ್ಟಿದ್ದ ಹಳೆಯ ಲಿನಕ್ಸಿನಲ್ಲಿ ಆ ಕಡತ ಇತ್ತು. ಗಂಡ ಹಾಕಿದ ಹೊಸದರಲ್ಲಿ ಇರಲಿಲ್ಲ. ಎದ್ದ ಪ್ರತಿ ಸಲವೂ ಯಂತ್ರ ಹೆಸರು ಹಿಡಿದು ಕೇಳಿತ್ತು. ಬೈದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಮಾತು ಬದಲಿಸಿಯೂ ಇರಲಿಲ್ಲ.

"ಎಂಥಾ ಮಬ್ಬರಿ ಅವ!" ಎಂದ ಕಲ್ಮೇಶ. "ದಿನಾ ಬರದು ತೋರಿಸಿದ್ದನ್ನ ಓದಬಾರದಿತ್ತೇನು? ನಮ್ಮ ಹುಡುಗ್ರಿಗೆ ನಾ ಮೊದಲನೇ ದಿನಾನ ಹೇಳ್ತೇನ್ರಿ, ಮದ್ದು ಆಮ್ಯಾಲೆ, ಮೊದಲ ಯಂತ್ರ ಏನಂತೈತಿ ಓದ್ರಿ ಅಂತ."

"ಮಬ್ಬ ಅಲ್ಲಪಾ. ಪ್ರೀತಿ ಇದ್ದವ. ಅಂಥವರಿಗೆ ಓದಾಕ ಪುರುಸೊತ್ತಿರೂದಿಲ್ಲ," ಎಂದರು ಅಜ್ಜನವರು. ಹೆಸರುಕಾಳಿನ ಮೊರವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮುಂದುವರಿಸಿದರು.

ಅವನು ಕಡತದ ಹೆಸರನ್ನು ಬಾಯಿಪಾಠ ಮಾಡಿಕೊಂಡು ಸೈಬರ್ ಸೆಂಟರಿಗೆ ಓಡಿದ. ಹೆಸರು ಗೊತ್ತಿದ್ದರೆ ಹುಡುಕುವುದು ಎಷ್ಟರ ಕೆಲಸ? ತಂದು ಇಡಬೇಕಾದ ಜಾಗದಲ್ಲಿಟ್ಟ. ಆದರೂ ವೈಫೈ ಬರಲಿಲ್ಲ. ಯಾಕೆಂದರೆ ಯಾರದೋ ಮಾತು ಕೇಳಿ ಒಳ್ಳೆಯ ಡ್ರೈವರನ್ನೇ ಏಳದ ಹಾಗೆ ಕಟ್ಟಿಹಾಕಿದ್ದ, ಅದರ ಜಾಗದಲ್ಲಿ ಬೇರೆ ಕಾರ್ಡಿನ ಡ್ರೈವರನ್ನು ಕೂಡಿಸಿದ್ದ. ತುತ್ತು ಬಂದಿತ್ತು, ಉಣಿಸುವವನ ಕೈ ಕಟ್ಟಿತ್ತು. ತಾನು ಹಾಕಿದ್ದನ್ನೆಲ್ಲ ಒಂದೊಂದಾಗಿ ತೆಗೆದ. ಒಂದು ಕಡತ ತಂದಿಡಲು ಹಿಡಿದ ಹೊತ್ತು ಚಿಟಿಕೆಯಷ್ಟು, ಮಾಡಿದ ಉಪಕಾರಗಳನ್ನು ಕೀಳಲು ಒಂದಿಡೀ ಸಂಜೆ ಬೇಕಾಯಿತು. ಕೊನೆಗೆ ಆ ಕಮಲವನ್ನೂ ತೆಗೆದ.

ಯಂತ್ರ ಎದ್ದಿತು. ಸಾಲುಗಳು ಓಡಿದವು. ಆ ಸಾಲು ಮಾತ್ರ ಈ ಸಲ ಬರಲಿಲ್ಲ. ಮೂಲೆಯಲ್ಲಿ ಪಕ್ಕದ ಮನೆಯ ವೈಫೈ ಹೆಸರು ಕಂಡಿತು.

ಶಾಲೆ ತೆರೆದ ದಿನ ಅವಳು ಕೂದಲು ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಯಂತ್ರದ ಮುಂದೆ ಕೂತಳು. ಆ ಮಕ್ಕಳಿಗೆ ಸೀರೆ ಕಾಣುವುದಿಲ್ಲ. ಆದರೂ ಉಟ್ಟಳು. ಟೈಪ್ ಮಾಡಿದಳು, ಯಂತ್ರ ಓದಿತು, ಪಕ್ಕದ ಊರಿನಲ್ಲಿ ಕೇಳಿಸಿತು. ಅಲ್ಲಿಂದ ಒಬ್ಬಳು ಹುಡುಗಿ ಕೂಗಿದಳು.

"ಟೀಚರ್, ನಿಮ್ಮ ದನಿ ಗಂಡಸರ ದನಿ ಆಗೇತ್ರಿ!"

ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು. ಸದ್ದಿಲ್ಲ, ಬರೀ ಭುಜ ಕುಣಿಯುತ್ತಿದ್ದವು. ಆಮೇಲೆ ಟೈಪ್ ಮಾಡಿದಳು, ಯಂತ್ರ ತನ್ನ ಒರಟು ದನಿಯಲ್ಲಿ ಓದಿತು: "ಗದ್ದಲ ಸಾಕು, ನಾನೇ ನಿಮ್ಮ ಟೀಚರ್." ತರಗತಿ ಗಪ್ಪಾಯಿತು. ಅವಳೇ ಎಂದು ಅವರಿಗೆ ಖಾತ್ರಿಯಾಯಿತು.

ಗಂಡ ಬಾಗಿಲಲ್ಲಿ ನಿಂತು ನೋಡಿದ. ಅವನ ಎದೆಯಿಂದ ಕಲ್ಲು ಇಳಿದಂತಾಯಿತು. ಅಂಗಡಿಗೆ ಹೋಗಿ ಹಾಡು ಗುನುಗುತ್ತ ಮೋಟಾರು ಬಿಚ್ಚಿದ. ಇನ್ನು ಅವಳಿಗೆ ಕೊರತೆ ಏನೂ ಇಲ್ಲ ಎಂದುಕೊಂಡ.

ಮಧ್ಯಾಹ್ನ ಊಟಕ್ಕೆ ಬಂದ. ಅವಳು ಎರಡು ಅಡ್ಡಣಿಗೆ ಹಾಕಿದ್ದಳು. ರೂಢಿಯಂತೆ ಬಗ್ಗಿ ತನ್ನ ತಾಟು ಎತ್ತಿಕೊಂಡು ಯಂತ್ರದ ಕಡೆ ತಿರುಗಿದ. ಯಂತ್ರ ಸರಿಯಾಗಿತ್ತು. ಅಲ್ಲಿಗೆ ಹೋಗಿ ಮಾಡುವುದೇನೂ ಇರಲಿಲ್ಲ. ತಾಟು ಕೈಯಲ್ಲೇ ಉಳಿಯಿತು. ಹಿಂತಿರುಗಿ ನೋಡಿದ. ಅವಳು ಆಗಲೇ ಬಗ್ಗಿ ಒಂದು ಅಡ್ಡಣಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದಳು, ಮೂಲೆಗಿಡಲು.

ಅವನು ತಾಟು ಹಿಡಿದುಕೊಂಡೇ ಅವಳ ಹತ್ತಿರ ಬಂದ.

"ದಿನಾ ಎರಡು ಹಾಕತಿದ್ದೇನು?"

ಅವಳು ಹೌದೆಂದು ತಲೆಯಾಡಿಸಿದಳು.

"ನಾ ಎದ್ದು ಹೋದ ದಿನದಿಂದಾನೂ?"

ಅವಳು ಮತ್ತೆ ತಲೆಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಕೈಯಲ್ಲಿದ್ದ ಅಡ್ಡಣಿಗೆಯನ್ನು ಇದ್ದ ಜಾಗದಲ್ಲೇ ಇಟ್ಟು, ಅದರ ಮುಂದಿನ ನೆಲವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

ಅವನು ಕೂತ. ಅವಳು ನಿಧಾನವಾಗಿ ಅಂಬಲಿ ಕುಡಿಯುವಷ್ಟರಲ್ಲಿ ಅವನ ರೊಟ್ಟಿ ಆರಿ ಸೆಟೆದುಕೊಂಡಿತು. ನಡುವೆ ಒಂದು ಚಮಚ ಅವಳಿಗೆ ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಕೈ ನೆಲ ಹಿಡಿಯಿತು. ಅವನ ಕಾಲು ಹಿತ್ತಲಿಗೆ ಓಡಲು ಸಿದ್ಧವಾಗಿತ್ತು. ಅವನು ಏಳಲಿಲ್ಲ. ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಅವಳ ಮುಖವನ್ನೇ ನೋಡುತ್ತ, ತಾನೂ ಅಳುತ್ತ ಕೂತ. ಮೆಲ್ಲಗೆ ಅದು ಇಳಿಯಿತು. ಅವಳು ಸೆರಗಿನಿಂದ ಮೊದಲು ಅವನ ಕಣ್ಣು ಒರೆಸಿದಳು, ಆಮೇಲೆ ತನ್ನದು. ಆಮೇಲೆ ಮುಂದಿನ ಚಮಚ ತೆಗೆದುಕೊಂಡಳು.

ಆ ಮನೆಯಲ್ಲಿ ಕೆಟ್ಟಿದ್ದದ್ದು ಅವತ್ತು ರಿಪೇರಿಯಾಯಿತು.

ಕತೆ ಮುಗಿಯಿತು. ಅಜ್ಜನವರು ಮೊರವನ್ನು ಒಂದು ಸಲ ಜಾಡಿಸಿ ಕಾಳನ್ನು ಬುಟ್ಟಿಗೆ ಸುರಿದರು. ಕಲ್ಮೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಕೈಮುಗಿದ. ಮುಖ ಗೆಲುವಾಗಿತ್ತು.

"ತಿಳೀತ್ರಿ ಅಜ್ಜಾರ. ನಾಳೆ ಮುಂಜಾನೆ ಬಸ್ಸಿಗೆ ಹೋಗ್ತೇನಿ. ಅಕ್ಕನ ಮಗ್ಗಲಕ ಕೂತು ಊಟ ಮಾಡಿ ಬರ್ತೇನಿ."

"ಅದು ಅವನ ಹೇಣ್ತಿ ಕೇಳಿದ್ದಪಾ," ಎಂದರು ಅಜ್ಜನವರು. "ನಿಮ್ಮ ಅಕ್ಕ ಬಾಯಿ ಮುಚ್ಚೂಕಿಂತ ಮೊದಲ ಕಡೀಕ ನಿನಗ ಏನು ಹೇಳಿದ್ಲು?"

ಕಲ್ಮೇಶ ಬಾಯಿ ತೆರೆದ. ನೆನಪಾಗಲಿಲ್ಲ.